ನಾಲ್ಕು ಬೋರಿನ ಕೋವಿ

ಚುನಾವಣೆ ಬಂತಲ್ಲ, ಮೊನ್ನೆ ಕೋವಿ ಠಾಣೆಗೆ ಒಪ್ಪಿಸೋಕೆ ಹೋಗಿದ್ದೆ. ಸಾಲಲ್ಲಿ ನಿಂತಿದ್ದ ಹುಡುಗನೊಬ್ಬ, "ಮಾವ, ನಮ್ದು 12 ಬೋರು. 4 ಬೋರು ಅಂದ್ರೆ ಇನ್ನೂ ಸಣ್ಣದಾ?" ಅಂದ. ಉಲ್ಟಾ ಮಾರಾಯ. ಒಂದು ಪೌಂಡ್, ಅಂದ್ರೆ ಸುಮಾರು 454 ಗ್ರಾಂ ಸೀಸದಲ್ಲಿ 12 ಸಮ ಗುಂಡು ಮಾಡಿದರೆ, ಅದರಲ್ಲಿ ಒಂದು ಹಿಡಿಸುವ ನಳಿಗೆ 12 ಬೋರು. ನಾಲ್ಕೇ ಗುಂಡು ಮಾಡಿದರೆ 4 ಬೋರು. ಅದರ ಬಾಯಿ ಒಂದು ಇಂಚಿಗಿಂತ ತುಸು ಜಾಸ್ತಿ!

ಆಗ ಇದ್ದದ್ದು ಕರಿ ಮದ್ದು. ದೂರದ ಬಾತು ಬೀಳಬೇಕಾದರೆ ದಪ್ಪ ಚರೆ ಬೇಕು, ಅದನ್ನು ಜಾಸ್ತಿ ತುಂಬೋಕೆ ನಳಿಗೆ ಅಗಲ ಬೇಕು. ಹಾಗಾಗಿ 19ನೇ ಶತಮಾನದಲ್ಲಿ ಇಂಗ್ಲೆಂಡಿನ ಕಡಲ ತೀರದ ಜೌಗಿನಲ್ಲಿ ಬೇಟೆಗಾರರು 8 ಬೋರು, 4 ಬೋರು ಹೊತ್ತು ತಿರುಗುತ್ತಿದ್ದರು.

ಇನ್ನೂ ದೊಡ್ಡದು ಪಂಟ್ ಗನ್. ಅದನ್ನು ಹೆಗಲಿಗಿಟ್ಟು ಹೊಡೆಯೋಕಾಗಲ್ಲ. ಚಪ್ಪಟೆ ದೋಣಿಗೇ ಕಟ್ಟಿಡ್ತಿದ್ರು. ಬೇಟೆಗಾರ ಬೋರಲು ಮಲಗಿ ಸದ್ದಿಲ್ಲದೆ ಹುಟ್ಟು ಹಾಕುತ್ತಾ ಹಿಂಡಿನ ಹತ್ತಿರ ಹೋಗಬೇಕು. ಗುರಿ ಹಿಡಿಯೋದು ಅಂದ್ರೆ ದೋಣಿಯನ್ನೇ ತಿರುಗಿಸೋದು. ಒಂದೇ ಈಡಿಗೆ ಪೌಂಡಿಗೂ ಹೆಚ್ಚು ಚರೆ. ಹಿಂಡು ಒತ್ತಾಗಿ ಕೂತಿದ್ದರೆ ಐವತ್ತು ಹಕ್ಕಿ ಬಿದ್ದದ್ದೂ ಉಂಟು. ಹೊಡೆತದ ರಭಸಕ್ಕೆ ದೋಣಿಯೇ ಹಿಂದಕ್ಕೆ ಸರಿಯೋದು.

ಅಮೆರಿಕದ ಚೆಸಪೀಕ್ ಕೊಲ್ಲಿಯಲ್ಲಿ ಇದೇ ದಂಧೆಯಾಯ್ತು. ರೈಲು ಬಂದ ಮೇಲೆ ಬಾತು ಪಟ್ಟಣದ ಹೋಟೆಲುಗಳಿಗೆ ಹೋಗತೊಡಗಿತು. ರೇಟು ಸಿಗುವಾಗ ಯಾರು ನಿಲ್ಲಿಸ್ತಾರೆ? ನಮಗೂ ಗೊತ್ತಿರೋ ವಿಷಯವೇ. ಹಿಂಡುಗಳು ಕರಗಿದವು. ಕೊನೆಗೆ 1918ರ ವಲಸೆ ಹಕ್ಕಿ ಕಾಯ್ದೆ ಬಂತು, ಮಾರಾಟಕ್ಕೆ ತಡೆ ಬಿತ್ತು. ಅದರ ನಿಯಮದಂತೆ ವಲಸೆ ಹಕ್ಕಿಗೆ 10 ಬೋರಿಗಿಂತ ದೊಡ್ಡ ಕೋವಿ ಹಿಡಿಯುವಂತಿಲ್ಲ. ನನ್ನ ಲೆಕ್ಕದಲ್ಲಿ ಕೋವಿಗಿಂತ ಮಾರಾಟ ನಿಂತದ್ದೇ ದೊಡ್ಡದು. ಬ್ರಿಟನ್ನಿನಲ್ಲಿ ಪಂಟ್ ಗನ್ ಇನ್ನೂ ಇದೆ, ಆದರೆ ಬಾಯಿ ಒಂದೂ ಮುಕ್ಕಾಲು ಇಂಚು ಮೀರಬಾರದು.

ಈಗ ಇವನ್ನೆಲ್ಲ ಹವ್ಯಾಸಿಗಳು ಹುಡುಕಿ ಕೊಳ್ತಾರೆ, ಹೊಡೀತಾರೆ. ಆದರೆ ಸುಮ್ಮನೆ ಅಲ್ಲ. ಹಳೇ ಡಮಾಸ್ಕಸ್ ನಳಿಗೆ ಕಬ್ಬಿಣ, ಉಕ್ಕಿನ ಪಟ್ಟಿ ಸುತ್ತಿ ಬೆಸೆದದ್ದು. ಒಳಗೆ ತುಕ್ಕು ಗುಳಿ ಬಿದ್ದಿರಬಹುದು, ಗೋಡೆ ಸವೆದಿರಬಹುದು. ಮೊದಲು ದಪ್ಪ ಅಳೆಸ್ತಾರೆ, ಪ್ರೂಫ್ ಮುದ್ರೆ ನೋಡ್ತಾರೆ. ಬರ್ಮಿಂಗ್‌ಹ್ಯಾಮಿನಲ್ಲಿ ಈ ಪರೀಕ್ಷೆಗೆಂದೇ 1813ರಿಂದ ಒಂದು ಸಂಸ್ಥೆ ಇದೆ. ಕರಿ ಮದ್ದಿಗೆಂದು ಪರೀಕ್ಷೆಯಾದ ನಳಿಗೆಗೆ ಇವತ್ತಿನ ಮದ್ದು ತುಂಬಿದರೆ ಒಡೆದು ಕೈಯೇ ಹೋಗಬಹುದು.

ಅಟ್ಟದ ಮೇಲೆ ಅಜ್ಜನ ಕಾಲದ ಕೇಪಿನ ಕೋವಿ ಇರುವವರು ಇದನ್ನು ಇನ್ನೊಂದ್ಸಲ ಓದಿ. ಲೈಸೆನ್ಸ್ ಇದೆ ಅಂದ ಮಾತ್ರಕ್ಕೆ ನಳಿಗೆ ಗಟ್ಟಿ ಇದೆ ಅಂತಲ್ಲ.