ಕಾಕ್‌ಪಿಟ್ ಸಂವಹನ ಮತ್ತು ಸಂಸ್ಕೃತಿ

ವಿಮಾನದ ಕಾಕ್‌ಪಿಟ್‌ನಲ್ಲಿ ಕ್ಯಾಪ್ಟನ್ನರ ತಪ್ಪನ್ನು ಕಿರಿಯರು ಎಷ್ಟು ನೇರವಾಗಿ ಹೇಳುತ್ತಾರೆ ಎಂಬುದು ಕೆಲಸದ ಸ್ಥಳದ ಸಾಂಸ್ಕೃತಿಕ ಭಿನ್ನತೆಗಳ ಅಧ್ಯಯನದಲ್ಲಿ ಬಹಳ ಕೂಲಂಕಷವಾಗಿ ಪರಿಶೀಲನೆಗೊಂಡ ವಿಷಯ. ಬೇರೆ ಕಚೇರಿಗಳಲ್ಲಿ ಆಡಿದ ಮಾತು ಅಲ್ಲಿಗೇ ಮರೆಯಾಗುತ್ತದೆ; ಇಲ್ಲಿ ಧ್ವನಿಮುದ್ರಣದಲ್ಲಿ ಉಳಿಯುತ್ತದೆ.

1977ರ ಮಾರ್ಚ್ 27ರಂದು ಸ್ಪೇನ್‌ಗೆ ಸೇರಿದ ಟೆನೆರೀಫ್ ದ್ವೀಪದ ರನ್‌ವೇಯಲ್ಲಿ, ಮಂಜು ಕವಿದಿದ್ದಾಗ, ನೆದರ್ಲೆಂಡ್ಸ್‌ನ ಕೆಎಲ್‌ಎಂ ಮತ್ತು ಅಮೆರಿಕದ ಪ್ಯಾನ್ ಆಮ್ ಸಂಸ್ಥೆಗಳ ಬೋಯಿಂಗ್ 747 ವಿಮಾನಗಳು ಡಿಕ್ಕಿಯಾಗಿ 583 ಮಂದಿ ಸತ್ತರು. ಕೆಎಲ್‌ಎಂ ವಿಮಾನ ಓಟ ಶುರು ಮಾಡಿದಾಗ ಅದರ ಎಂಜಿನಿಯರ್, ಎದುರಿನ ವಿಮಾನ ಇನ್ನೂ ರನ್‌ವೇ ಬಿಟ್ಟಿಲ್ಲವೇ ಎಂದು ಕೇಳಿದ್ದರು. ಬಿಟ್ಟಿದೆ ಎಂದು ಕ್ಯಾಪ್ಟನ್ ಖಚಿತವಾಗಿ ಹೇಳಿದ ಮೇಲೆ ಸುಮ್ಮನಾದರು. ಮರುವರ್ಷ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಯುನೈಟೆಡ್ ಏರ್‌ಲೈನ್ಸ್ ವಿಮಾನ ಇಂಧನ ಮುಗಿದು ಬಿದ್ದಿತು. ಇಂಧನ ಕಡಿಮೆಯಾಗುತ್ತಿದ್ದ ಸಂಗತಿ ಸಿಬ್ಬಂದಿಗೆ ಗೊತ್ತಿದ್ದರೂ ಕ್ಯಾಪ್ಟನ್ನರ ಗಮನ ಚಕ್ರಗಳ ತೊಂದರೆಯ ಮೇಲೇ ನೆಟ್ಟಿತ್ತು. 1979ರಲ್ಲಿ ನಾಸಾ ಈ ಕುರಿತು ಕಾರ್ಯಾಗಾರ ನಡೆಸಿತು. 1981ರಲ್ಲಿ ಯುನೈಟೆಡ್ ಸಂಸ್ಥೆ ತನ್ನ ಪೈಲಟ್‌ಗಳಿಗೆ, ಈಗ ಸಿಆರ್‌ಎಂ (ಕ್ರೂ ರಿಸೋರ್ಸ್ ಮ್ಯಾನೇಜ್‌ಮೆಂಟ್) ಎಂದು ಕರೆಯಲಾಗುವ ತರಬೇತಿ ಆರಂಭಿಸಿತು. ಕಿರಿಯರು ಬಾಯಿ ಬಿಡುವುದು, ಹಿರಿಯರು ಕಿವಿಗೊಡುವುದು ಎರಡೂ ಅದರ ಪಾಠಗಳು.

ಡಚ್ ವಿದ್ವಾಂಸ ಗೀರ್ಟ್ ಹಾಫ್‌ಸ್ಟೀಡ್ 1980ರಲ್ಲಿ, ಐಬಿಎಂ ನೌಕರರ ಸಮೀಕ್ಷೆಯನ್ನು ಆಧರಿಸಿ, ‘ಅಧಿಕಾರದ ಅಂತರ’ ಎಂಬ ಅಳತೆಗೋಲನ್ನು ಮುಂದಿಟ್ಟರು; ಅಧಿಕಾರದ ಅಸಮಾನ ಹಂಚಿಕೆಯನ್ನು ಜನ ಎಷ್ಟರಮಟ್ಟಿಗೆ ಸಹಜವೆಂದು ಒಪ್ಪುತ್ತಾರೆ ಎಂಬುದನ್ನು ಅದು ಅಳೆಯುತ್ತದೆ. ಅದರಲ್ಲಿ ಭಾರತಕ್ಕೆ 77, ನೆದರ್ಲೆಂಡ್ಸ್‌ಗೆ 38 ಅಂಕ. ಟೆನೆರೀಫ್‌ನಲ್ಲಿ ಸುಮ್ಮನಾದವರು ಅಂಕ ಕಡಿಮೆಯಿರುವ ಡಚ್ಚರೇ ಎಂಬುದನ್ನು ಮರೆಯಬಾರದು. ಹುದ್ದೆಯ ಭಾರ ಎಲ್ಲ ದೇಶಗಳಲ್ಲೂ ಇದೆ. ಸಂಸ್ಕೃತಿ ಅದನ್ನು ಹೆಚ್ಚಿಸುತ್ತದೆ ಅಥವಾ ತಗ್ಗಿಸುತ್ತದೆ, ಅಷ್ಟೆ.

1990ರ ಜನವರಿಯಲ್ಲಿ ಕೊಲಂಬಿಯದ ಅವಿಯಾಂಕಾ ವಿಮಾನ ನ್ಯೂಯಾರ್ಕ್ ಬಳಿ ಇಂಧನ ತೀರಿ ಬಿದ್ದು 73 ಮಂದಿ ಸತ್ತರು. ಸಹಪೈಲಟ್ ಆದ್ಯತೆ ಬೇಕೆಂದು ಕೇಳಿದ್ದರೇ ಹೊರತು ‘ತುರ್ತು ಪರಿಸ್ಥಿತಿ’ ಎಂದು ಘೋಷಿಸಿರಲಿಲ್ಲ. 1999ರ ಡಿಸೆಂಬರ್‌ನಲ್ಲಿ ಲಂಡನ್ ಸಮೀಪದ ಸ್ಟ್ಯಾನ್‌ಸ್ಟೆಡ್‌ನಿಂದ ಮೇಲೇರಿದ ಕೊರಿಯನ್ ಏರ್ ಸರಕು ವಿಮಾನ ಒಂದು ನಿಮಿಷದೊಳಗೆ ನೆಲಕ್ಕಪ್ಪಳಿಸಿತು. ವಿಮಾನ ಎಷ್ಟು ವಾಲಿದೆಯೆಂದು ತೋರಿಸುವ ಕ್ಯಾಪ್ಟನ್ನರ ಉಪಕರಣ ಕೆಟ್ಟಿತ್ತು. ಎಂಜಿನಿಯರ್ ವಾಲುತ್ತಿದೆಯೆಂದು ಕೂಗಿದರು. ಸರಿಯಾದ ಉಪಕರಣ ಎದುರಿಗೇ ಇದ್ದ ಸಹಪೈಲಟ್ ಮಾತಾಡಲೂ ಇಲ್ಲ, ನಿಯಂತ್ರಣ ತೆಗೆದುಕೊಳ್ಳಲೂ ಇಲ್ಲ. ವಿಮಾನದಲ್ಲಿದ್ದ ನಾಲ್ವರೂ ಸತ್ತರು. ಆ ಸಂಸ್ಥೆ ಅಮೆರಿಕದಿಂದ ಅಧಿಕಾರಿಯನ್ನು ಕರೆಸಿ, ತರಬೇತಿಯನ್ನು ಬುಡದಿಂದ ಬದಲಿಸಿತು. ನಂತರದ ಎರಡು ದಶಕಗಳಲ್ಲಿ ಅದರ ವಿಮಾನಗಳಲ್ಲಿ ಪ್ರಾಣಹಾನಿಯ ಅಪಘಾತ ಆಗಲಿಲ್ಲ. ಸಂಸ್ಕೃತಿ ಹಣೆಬರಹವಲ್ಲ ಎನ್ನಲು ಇದಕ್ಕಿಂತ ಗಟ್ಟಿ ಪುರಾವೆ ಈ ಕ್ಷೇತ್ರದಲ್ಲಿ ಸಿಗುವುದು ಕಷ್ಟ.

ಕರ್ನಾಟಕದಲ್ಲಿ ಈ ಪ್ರಶ್ನೆ ಎದುರಾದದ್ದು 2010ರ ಮೇ 22ರಂದು. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಉರುಳಿ 158 ಮಂದಿ ಸತ್ತರು. ಎಂಟು ಮಂದಿ ಉಳಿದರು. ಕ್ಯಾಪ್ಟನ್ ಸರ್ಬಿಯಾ ಮೂಲದವರು, ಸಹಪೈಲಟ್ ಭಾರತೀಯರು. ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರಿ ಎಂದು ಸಹಪೈಲಟ್ ಮೂರು ಬಾರಿ ಹೇಳಿದ್ದರು. ಇಲ್ಲಿ ಬಾಯಿ ಕಟ್ಟಿರಲಿಲ್ಲ, ಕೈ ಮಾತ್ರ ಮುಂದಾಗಲಿಲ್ಲ. ವಿಮಾನವನ್ನು ತಾವೇ ಮೇಲೇರಿಸಲು ಸಹಪೈಲಟ್‌ಗೆ ಇರುವ ಅಧಿಕಾರದ ಬಗ್ಗೆ ಸೂಚನೆಗಳಲ್ಲಿದ್ದ ಅಸ್ಪಷ್ಟತೆ ಇದಕ್ಕೆ ಕಾರಣವಾಗಿರಬಹುದೆಂದು ತನಿಖಾ ನ್ಯಾಯಾಲಯ ಅಭಿಪ್ರಾಯಪಟ್ಟಿತು.