ಉಕ್ಕಿನ ಕಲಾಯಿ

ತ್ರ್ಯಂಬಕದಿಂದ ಇಳಿದು ಪೂರ್ವಕ್ಕೆ ಹರಿಯುವ ಗೋದಾವರಿಯ ದಾರಿಯಲ್ಲಿ ಗಂಗಾಪುರ ಎಂಬ ಹೆಸರು ಎರಡು ಸಲ ಬರುತ್ತದೆ. ಮೊದಲನೆಯದು ನಾಶಿಕದ ಪಕ್ಕದ್ದು. 1965ರಲ್ಲಿ ಮುಗಿದ ಮಣ್ಣಿನ ಅಣೆಕಟ್ಟು ಅಲ್ಲಿದೆ. ಅದರ ಆಸುಪಾಸಿನಲ್ಲೇ, ಅಮೆರಿಕದಿಂದ ಮರಳಿದ ರಾಜೀವ್ ಸಾಮಂತ್ 1990ರ ದಶಕದ ಕೊನೆಯಲ್ಲಿ ಸುಲಾ ಎಂಬ ವೈನರಿ ಕಟ್ಟಿದರು. ಎರಡನೆಯದು ಬಹಳ ಕೆಳಗೆ, ಛತ್ರಪತಿ ಸಂಭಾಜಿನಗರ ಜಿಲ್ಲೆಯ ತಾಲ್ಲೂಕು. ಅಲ್ಲಿನ ವಾಳೂಜ್ ಕೈಗಾರಿಕಾ ಪ್ರದೇಶದಲ್ಲಿ ಬಿಯರ್ ತಯಾರಾಗುತ್ತದೆ, ನೀರು ಜಾಯಕವಾಡಿ ಜಲಾಶಯದ್ದು. ಮೇಲೆ ವೈನು, ಕೆಳಗೆ ಬಿಯರು. ಎರಡೂ ಕಡೆ ಪಾತ್ರೆ ಮಾತ್ರ ಒಂದೇ, ಸ್ಟೇನ್‌ಲೆಸ್ ಸ್ಟೀಲು.

ಎರಡೂ ಆ ಪಾತ್ರೆಯ ಒಳಮೈಗೆ ಕಲ್ಲು ಕಟ್ಟಿಸುತ್ತವೆ. ವೈನು ತಣ್ಣಗಾದಾಗ ದ್ರಾಕ್ಷಿಯ ಟಾರ್ಟಾರಿಕ್ ಆಮ್ಲ ಪೊಟ್ಯಾಶಿಯಂ ಜೊತೆ ಸೇರಿ ಹರಳಾಗುತ್ತದೆ. ನಮ್ಮ ಹುಣಸೆಹಣ್ಣಿನ ಹುಳಿಯೂ ಅದೇ ಆಮ್ಲ. ಬಿಯರಿನ ಕಲ್ಲು ಬೇರೆ ಜಾತಿಯದು. ಮೊಳಕೆ ಬಂದ ಬಾರ್ಲಿಯ ಆಕ್ಸಾಲಿಕ್ ಆಮ್ಲ ಮತ್ತು ನೀರಿನ ಕ್ಯಾಲ್ಸಿಯಂ ಕೂಡಿದರೆ ಕಂದುಬಿಳಿ ಪದರವೊಂದು ಕೂರುತ್ತದೆ. ಬರೀ ಸೋಪಿನ ನೀರಿಗೆ ಅದು ಜಗ್ಗುವುದಿಲ್ಲ. ಅದರ ಒರಟು ಸಂದುಗಳಲ್ಲಿ ಬ್ಯಾಕ್ಟೀರಿಯಾ ಅಡಗಿ ಕುಳಿತು ಮುಂದಿನ ಸಲದ ಬಿಯರನ್ನು ಹುಳಿ ಮಾಡುತ್ತವೆ. ಬಿಯರ್ ಕಾಯಿಸುವುದು ಒಂದು ದಿನದ ಕೆಲಸ, ಪಾತ್ರೆ ತೊಳೆಯುವುದು ಎಂದೂ ಮುಗಿಯದ ಕೆಲಸ.

ಹಳೆಯ ಕಾಲದ ಪಾತ್ರೆಗಳಿಗೆ ಒಳಮೈ ಎಂಬುದನ್ನು ಮನುಷ್ಯರೇ ಹಚ್ಚಬೇಕಿತ್ತು. ಜರ್ಮನಿಯಲ್ಲಿ ಮರದ ಪೀಪಾಯಿಗಳ ಒಳಗೆ ಕಾಯಿಸಿದ ರಾಳ ಸುರಿದು ಉರುಳಿಸುತ್ತಿದ್ದರು. ಸವೆದರೆ ಮತ್ತೆ ಸುರಿಯಬೇಕು. ನಮ್ಮಲ್ಲಿ ತಾಮ್ರ, ಹಿತ್ತಾಳೆಗೆ ಕಲಾಯಿ. ಕಲಾಯಿಯವನು ಬೀದಿಗೆ ಬಂದು ತಿದಿ ಒತ್ತಿ, ಪಾತ್ರೆ ಕಾಯಿಸಿ, ನವಸಾಗರ ಎರಚಿ, ಕರಗಿದ ತವರವನ್ನು ಅರಳೆಯಲ್ಲಿ ಒರೆಸಿ ಕೊಟ್ಟರೆ ಕೆಲವು ತಿಂಗಳು ನಿಶ್ಚಿಂತೆ. ಸ್ಟೀಲು ಮನೆಗಳಿಗೆ ಬಂದಮೇಲೆ ಅವನ ಕೂಗು ನಿಂತುಹೋಯಿತು. ಸ್ಟೀಲಿಗೆ ಕಲಾಯಿ ಬೇಡ ಎಂಬುದು ಎಲ್ಲರ ನಂಬಿಕೆಯಾಯಿತು.

ಅದು ಅರ್ಧ ಸತ್ಯ. 1912ರಲ್ಲಿ ಜರ್ಮನಿಯ ಕ್ರುಪ್ ಕಾರ್ಖಾನೆಯ ಸ್ಟ್ರೌಸ್ ಮತ್ತು ಮಾವ್ರರ್ ಕ್ರೋಮಿಯಂ-ನಿಕ್ಕಲ್ ಉಕ್ಕನ್ನು ರೂಪಿಸಿದರು. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ಬಂದೂಕಿನ ನಳಿಕೆ ಸವೆಯದಂತೆ ಮಾಡಲು ಹೊರಟು ತುಕ್ಕು ಹಿಡಿಯದ ಚಾಕು ಕಂಡುಕೊಂಡರು. ಇಬ್ಬರ ಉಕ್ಕಿನಲ್ಲೂ ಗುಟ್ಟು ಕ್ರೋಮಿಯಂ. ಅದು ಶೇ. 10.5ಕ್ಕಿಂತ ಹೆಚ್ಚಿದ್ದರೆ ಗಾಳಿಯ ಆಮ್ಲಜನಕದೊಡನೆ ಸೇರಿ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪೊರೆ ಕಟ್ಟುತ್ತದೆ. ಗೀರಿದರೆ ತಾನೇ ಮಾಯುತ್ತದೆ. ಅಂದರೆ ಸ್ಟೀಲಿಗೂ ಕಲಾಯಿ ಇದೆ, ಅದನ್ನು ಹಾಕುವುದು ಗಾಳಿ. ಆದರೆ ಗಾಳಿಗೆ ಚೊಕ್ಕವಾದ ಮೈ ಸಿಗಬೇಕು.

ಈ ಷರತ್ತು ಬಿಯರ್ ಕಾರ್ಖಾನೆಗಳಿಗಿಂತ ಚೆನ್ನಾಗಿ ಅರ್ಥವಾದದ್ದು ಮನೆಯಲ್ಲಿ ಬಿಯರ್ ಮಾಡುವ ಹವ್ಯಾಸಿಗಳಿಗೆ ಎನ್ನಬೇಕು. ಬ್ರಿಟನ್ನಿನಲ್ಲಿ 1963ರಲ್ಲಿ ಇದಕ್ಕೆ ಪರವಾನಗಿ ಬೇಡವೆಂದಾಯಿತು. ಅಮೆರಿಕದಲ್ಲಿ 1978ರ ಅಕ್ಟೋಬರಿನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯ್ದೆ ದಾರಿ ತೆರೆಯಿತು. ಹವ್ಯಾಸಿಗಳಿಗೆ ದೊಡ್ಡ ಹಂಡೆ ಬೇಕಿತ್ತು, ಹೊಸದು ದುಬಾರಿ. ಕಣ್ಣು ಬಿದ್ದದ್ದು ಸುಮಾರು 58 ಲೀಟರಿನ ಹಳೆಯ ಸ್ಟೀಲ್ ಕೆಗ್ಗುಗಳ ಮೇಲೆ. ಕೆಗ್ಗು ಸಾಮಾನ್ಯವಾಗಿ ಬಿಯರ್ ಕಂಪನಿಯ ಸ್ವತ್ತು. ಠೇವಣಿ ಇಟ್ಟು ತಂದದ್ದನ್ನು ಕೊಯ್ದರೆ ಅದು ಕಳವೇ. ಗುಜರಿಗೆ ನ್ಯಾಯವಾಗಿ ಬಿದ್ದದ್ದನ್ನು ತಂದು, ಒಳಗಿನ ಒತ್ತಡ ಪೂರ್ತಿ ಬಿಟ್ಟು, ನೆತ್ತಿ ಕೊಯ್ದು, ತಳದ ಬಳಿ ನಲ್ಲಿ ಬೆಸೆದರೆ ಹಂಡೆ ಸಿದ್ಧ.

ತೊಂದರೆ ಶುರುವಾಗುವುದೂ ಇಲ್ಲೇ. ಬೆಸುಗೆಯ ಸುತ್ತ ಹೊಂಬಣ್ಣದಿಂದ ನೀಲಿಯವರೆಗೆ ನವಿಲುಗರಿಯಂಥ ಬಳೆಗಳು ಮೂಡುತ್ತವೆ. ನೋಡಲು ಚೆಂದ, ಆದರೆ ಅದರ ಕೆಳಗಿನ ಲೋಹದಲ್ಲಿ ಕ್ರೋಮಿಯಂ ಕಡಿಮೆಯಾಗಿರುತ್ತದೆ, ಪೊರೆ ಅಲ್ಲಿ ಗಟ್ಟಿಯಾಗಿ ಕಟ್ಟುವುದಿಲ್ಲ. ಆ ಬಣ್ಣವನ್ನು ತೆಗೆಯಲೇಬೇಕು. ಅದಕ್ಕೆ ಕಬ್ಬಿಣದ ನಾರು ಹಿಡಿದು ಉಜ್ಜಿದವರು ಇನ್ನೊಂದು ಬೇನೆ ತಂದುಕೊಂಡರು. ನಾರಿನ ಕಣಗಳು ಮೈಗೆ ಅಂಟಿ, ವಾರದೊಳಗೆ ಅವು ತುಕ್ಕಾಗಿ, ಸ್ಟೀಲೇ ತುಕ್ಕು ಹಿಡಿಯಿತೆಂದು ಬೈಸಿಕೊಂಡಿತು. ಕ್ಲೋರಿನ್ ಬ್ಲೀಚಿನಲ್ಲಿ ರಾತ್ರಿಯಿಡೀ ನೆನೆಹಾಕಿದವರದು ಅದಕ್ಕಿಂತ ಕೆಟ್ಟ ಕಥೆ. ಕ್ಲೋರೈಡ್ ಪೊರೆಯನ್ನು ಚುಚ್ಚಿ ಸೂಜಿಮೊನೆಯಷ್ಟು ಗುಳಿ ತೋಡುತ್ತದೆ, ಆಮೇಲೆ ಎಷ್ಟು ತಿಕ್ಕಿದರೂ ಗುಳಿ ಹೋಗುವುದಿಲ್ಲ.

ನಿಲ್ಲುವ ದಾರಿ ನಿಧಾನದ್ದು. ಮೊದಲು ಬಿಸಿನೀರು, ಆಮೇಲೆ ಕ್ಷಾರ. ಸುಟ್ಟ ಸಕ್ಕರೆ, ಪ್ರೋಟೀನು ಕ್ಷಾರಕ್ಕೆ ಬಿಡುತ್ತವೆ. ಬಿಯರ್ ಕಲ್ಲು ಬಿಡುವುದು ಆಮ್ಲಕ್ಕೆ, ಹೆಚ್ಚಾಗಿ ಫಾಸ್ಫಾರಿಕ್ ಆಮ್ಲಕ್ಕೆ. ಎರಡನ್ನೂ ಒಟ್ಟಿಗೆ ಸುರಿದರೆ ಒಂದನ್ನೊಂದು ಕೊಂದು ಕೂರುತ್ತವೆ, ನಡುವೆ ಜಾಲಿಸಲೇಬೇಕು. ಬೆಸುಗೆಯ ಬಣ್ಣಕ್ಕೆ ಆಕ್ಸಾಲಿಕ್ ಆಮ್ಲದ ಪುಡಿ ಮತ್ತು ಮೆತ್ತನೆಯ ನೈಲಾನ್ ಪ್ಯಾಡು. ಈ ಪುಡಿಗೂ ಒಂದು ಅಡುಗೆಮನೆಯ ಮೂಲವಿದೆ. 1882ರ ಹೊತ್ತಿಗೆ ಇಂಡಿಯಾನಾಪೊಲಿಸ್‌ನ ರಸಾಯನಜ್ಞ ಜಾರ್ಜ್ ಹಾಫ್‌ಮನ್, ರೂಬಾರ್ಬ್ ದಂಟು ಬೇಯಿಸಿದ ಪಾತ್ರೆ ಹೊಳೆಯುವುದನ್ನು ಕಂಡು ಆ ದಂಟಿನ ಆಮ್ಲವನ್ನೇ ಪುಡಿ ಮಾಡಿ ಮಾರಿದರು. ಬಿಯರಿನಲ್ಲಿ ಕಲ್ಲು ಕಟ್ಟುವ ಆಮ್ಲವೂ ಇದೇ! ಪುಡಿ ವಿಷ, ಕೈಗವಸು ಹಾಕಿ ಬಳಸಿ ಚೆನ್ನಾಗಿ ತೊಳೆಯಬೇಕು. ಕೊನೆಗೆ ಸಿಟ್ರಿಕ್ ಆಮ್ಲದ, ಅಂದರೆ ನಿಂಬೆಯ ಹುಳಿಯ, ಬಿಸಿ ದ್ರಾವಣ. ಅದು ಮೈಮೇಲಿನ ಬಿಡಿ ಕಬ್ಬಿಣವನ್ನು ಕರಗಿಸಿ ಕ್ರೋಮಿಯಮ್ಮನ್ನು ಬಿಟ್ಟುಬಿಡುತ್ತದೆ. ತೊಳೆದು ಒಣಗಿಸಿ ಗಾಳಿಗಿಟ್ಟರೆ ಪೊರೆ ತಾನೇ ಕೂಡಿಕೊಳ್ಳುತ್ತದೆ.

ಗಂಗಾಪುರದಲ್ಲಿ ಈ ಹವ್ಯಾಸಕ್ಕೆ ಎಡೆಯಿಲ್ಲ. 1949ರ ಮುಂಬಯಿ ಪಾನನಿರೋಧ ಕಾಯ್ದೆ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದನ್ನು ಒಪ್ಪುವುದಿಲ್ಲ, ಕರ್ನಾಟಕದ 1965ರ ಅಬಕಾರಿ ಕಾಯ್ದೆಯೂ ಹಾಗೆಯೇ. ಅಲ್ಲಿ ಇದೇ ಕ್ಷಾರ, ಆಮ್ಲ, ಜಾಲಿಸುವಿಕೆ ನಡೆಯುವುದು ಕಾರ್ಖಾನೆಯ ಅಳತೆಯಲ್ಲಿ, ಟ್ಯಾಂಕಿನೊಳಗೆ ಸಿಂಪಡಿಸುವ ಯಂತ್ರಗಳಿಂದ. ಪ್ರತಿ ಜಾಲಿಸುವಿಕೆಗೂ ನೀರು ಬೇಕು. ಒಂದು ಲೀಟರ್ ಬಿಯರಿಗೆ ಸಾಮಾನ್ಯವಾಗಿ ನಾಲ್ಕರಿಂದ ಏಳು ಲೀಟರ್ ನೀರು ಖರ್ಚಾಗುತ್ತದೆ. ಬಾಟಲಿಗೆ ಹೋಗುವುದು ಅದರಲ್ಲಿ ಒಂದೇ ಲೀಟರ್. ಉಳಿದದ್ದರಲ್ಲಿ ದೊಡ್ಡ ಪಾಲು ತೊಳೆಯುವುದಕ್ಕೆ.

2016ರ ಬೇಸಿಗೆಯಲ್ಲಿ ಈ ಲೆಕ್ಕ ನ್ಯಾಯಾಲಯಕ್ಕೆ ಬಂತು. ಜಾಯಕವಾಡಿ ಬತ್ತಿತ್ತು. ಏಪ್ರಿಲ್ ತಿಂಗಳಲ್ಲಿ ಮೀರಜದಿಂದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ಹೋಯಿತು, ಮೊದಲ ಗಾಡಿಯಲ್ಲಿ 5 ಲಕ್ಷ ಲೀಟರ್. ಅದೇ ತಿಂಗಳ ಕೊನೆಗೆ ಮುಂಬಯಿ ಹೈಕೋರ್ಟಿನ ಔರಂಗಾಬಾದ್ ಪೀಠ, ಮರಾಠವಾಡಾದ ಮದ್ಯ ಕಾರ್ಖಾನೆಗಳ ನೀರನ್ನು ಮೊದಲು ಶೇ. 50, ಮೇ 10ರಿಂದ ಶೇ. 60 ಕಡಿತ ಮಾಡಲು ಆದೇಶಿಸಿತು. ಬೇರೆ ಕೈಗಾರಿಕೆಗಳಿಗೆ ಕಡಿತ ಶೇ. 20 ಮತ್ತು 25. ಜನ ಬಿಂದಿಗೆ ಹಿಡಿದು ನಿಂತಿರುವಾಗ ಟ್ಯಾಂಕು ಹೊಳೆಯುವುದು ಸರಿಯಲ್ಲವೆಂಬುದು ಯಾರಿಗೂ ಒಪ್ಪಿಗೆಯಾಗುವ ಮಾತು. ಆದರೆ ತೊಳೆಯುವುದರಲ್ಲಿ ಕೈ ಬಿಗಿಹಿಡಿದರೆ ಕಲ್ಲು ಕಟ್ಟುತ್ತದೆ, ಕಲ್ಲು ಕಟ್ಟಿದರೆ ಇಡೀ ಟ್ಯಾಂಕಿನ ಬಿಯರೂ ಅದಕ್ಕೆ ಹಾಕಿದ ನೀರೂ ಚರಂಡಿ ಪಾಲು.

ಇದೇ ನೀರಿಗಾಗಿ ಮೇಲಿನ ಗಂಗಾಪುರಕ್ಕೂ ಕೆಳಗಿನದಕ್ಕೂ ಹಳೆಯ ತಕರಾರಿದೆ. ನಾಶಿಕದ ಅಣೆಕಟ್ಟುಗಳಿಂದ ಜಾಯಕವಾಡಿಗೆ ಎಷ್ಟು ಬಿಡಬೇಕೆಂಬುದು ಮಳೆ ಕಡಿಮೆಯಾದ ವರ್ಷಗಳಲ್ಲಿ ಮತ್ತೆ ಮತ್ತೆ ಎದ್ದ ಜಗಳ. ಆ ಜಗಳಕ್ಕೆ ಟ್ಯಾಂಕು ತೊಳೆಯುವವರ ಬಳಿ ಉತ್ತರವಿಲ್ಲ. ಅವರಿಗೆ ಗೊತ್ತಿರುವುದು ಚಿಕ್ಕದೊಂದು ಉಪಾಯ. ಕೊನೆಯ ಸಲ ಜಾಲಿಸಿದ ನೀರು ಹೆಚ್ಚುಕಡಿಮೆ ಶುದ್ಧವಾಗಿಯೇ ಇರುತ್ತದೆ. ಅದನ್ನು ಬೇರೆ ತೊಟ್ಟಿಯಲ್ಲಿ ಹಿಡಿದಿಟ್ಟು ಮುಂದಿನ ಟ್ಯಾಂಕಿನ ಮೊದಲ ತೊಳೆತಕ್ಕೆ ಹಾಯಿಸುತ್ತಾರೆ.