ಆಕ್ರೊಪಾಂಗಿನ ಹಿರಿಯರ ಸಭೆ

ಬಾಸೆಲ್ ಮಿಶನ್ನಿನ ಹೆಸರು ಕನ್ನಡಿಗರಿಗೆ ಹೊಸದಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಆ ಮಂಡಲಿಯ ಮುದ್ರಣಾಲಯವನ್ನೂ ಹೆಂಚಿನ ಕಾರ್ಖಾನೆಯನ್ನೂ ಕಿಟ್ಟೆಲರ 1894ರ ನಿಘಂಟನ್ನೂ ನಾವೆಲ್ಲರೂ ಬಲ್ಲೆವು. ಅದೇ ಮಂಡಲಿಯು ಆರು ವರ್ಷ ಮೊದಲೇ, 1828ರಲ್ಲಿ, ಪಶ್ಚಿಮ ಆಫ್ರಿಕದ ಗೋಲ್ಡ್ ಕೋಸ್ಟಿನಲ್ಲಿ, ಎಂದರೆ ಇಂದಿನ ಘಾನಾ ದೇಶದಲ್ಲಿ, ಕಾಲಿರಿಸಿತ್ತೆಂಬುದನ್ನು ಬಲ್ಲವರು ವಿರಳ.

ಆರಂಭವು ಶೋಕಮಯವಾಗಿದ್ದಿತು. ಮೊದಲು ಬಂದ ನಾಲ್ವರೂ 1831ರೊಳಗೆ ಮೃತರಾದರು. ತರುವಾಯ ಬಂದವರಲ್ಲಿ ಬದುಕಿ ಉಳಿದ ಆಂಡ್ರಿಯಾಸ್ ರೀಸ್ 1835ರಲ್ಲಿ ಕರಾವಳಿಯನ್ನು ಬಿಟ್ಟು ಗುಡ್ಡಗಾಡಿನ ಆಕ್ರೊಪಾಂಗನ್ನು ಸೇರಿದನು. ಆದರೂ ಕಾರ್ಯವು ಬೇರೂರಿದುದು 1843ರಲ್ಲಿ, ಜಮೈಕ ಮತ್ತು ಆಂಟಿಗ್ವ ದ್ವೀಪಗಳ ಕರಿಯ ಕ್ರೈಸ್ತ ಕುಟುಂಬಗಳು ಅಲ್ಲಿಗೆ ಬಂದು ನೆಲಸಿದ ಮೇಲೆ.

1848ರಲ್ಲಿ ಆಕ್ರೊಪಾಂಗಿನಲ್ಲಿ ಉಪದೇಶಕರ ಶಾಲೆ ಸ್ಥಾಪಿತವಾಯಿತು. ಕಿಟ್ಟೆಲರು ಕನ್ನಡಕ್ಕೆ ಮಾಡಿದುದನ್ನು ಕ್ರಿಸ್ಟಾಲರ್ ಎಂಬ ವಿದ್ವಾಂಸನು ಟ್ವಿ ಭಾಷೆಗೆ ಮಾಡಿದನು: 1875ರಲ್ಲಿ ವ್ಯಾಕರಣ, 1881ರಲ್ಲಿ ನಿಘಂಟು. ಮಿಶನ್ನಿನ ಕಾರ್ಯಾಗಾರದಲ್ಲಿ ಕಮ್ಮಾರಿಕೆ ಕಲಿತ ಟೆಟ್ಟೆ ಕ್ವಾರ್ಶಿಯು 1879ರಲ್ಲಿ ಫರ್ನಾಂಡೊ ಪೊ ದ್ವೀಪದಿಂದ ಕೋಕೊ ಬೀಜಗಳನ್ನು ತಂದು ಮಾಂಪಾಂಗಿನಲ್ಲಿ ಬಿತ್ತಿದನು. 1911ರ ವೇಳೆಗೆ ಆ ನಾಡು ಕೋಕೊ ಬೆಳೆಯಲ್ಲಿ ಲೋಕಕ್ಕೇ ಅಗ್ರಗಣ್ಯವಾಗಿದ್ದಿತು.

ಈ ಲಾಭಕ್ಕೆ ತೆತ್ತ ಬೆಲೆಯನ್ನೂ ನಾವು ಮರೆಯಲಾಗದು. ಕ್ರೈಸ್ತರಾದವರು ಊರ ಹೊರಗೆ ‘ಸೇಲಂ’ ಎಂಬ ಪ್ರತ್ಯೇಕ ಕೇರಿಯಲ್ಲಿ ವಾಸಿಸಬೇಕಾಗಿದ್ದಿತು. ನಮ್ಮ ದಕ್ಷಿಣ ಕನ್ನಡದ ಅಳಿಯಸಂತಾನದಂತೆ ಅಕಾನ್ ಜನರಲ್ಲಿಯೂ ಸೊತ್ತು ಸೋದರಳಿಯನಿಗೆ ಸಲ್ಲುತ್ತಿದ್ದಿತು. ಸಭೆಯಾದರೋ ಹೆಂಡತಿ ಮಕ್ಕಳಿಗೂ ಪಾಲಿರಬೇಕೆಂದಿತು. ವಿಧವೆಗೆ ಇದರಿಂದ ಆಸರೆ ದೊರೆಯಿತು. ಕುಲದ ಕಟ್ಟು ಮಾತ್ರ ಸಡಿಲವಾಯಿತು. ಸಭೆಯ ಸದಸ್ಯರು ದಾಸರನ್ನಿಟ್ಟುಕೊಳ್ಳಬಾರದೆಂಬ ಕಟ್ಟಳೆಯೂ ಹೀಗೆಯೇ ಕೆಲವರಿಗೆ ಬಿಡುಗಡೆಯಾಗಿ, ಕೆಲವರಿಗೆ ಕಲಹದ ಮೂಲವಾಗಿ ಪರಿಣಮಿಸಿತು.

ನಿಜವಾದ ಪರೀಕ್ಷೆಯು ಮೊದಲನೆಯ ಮಹಾಯುದ್ಧದಲ್ಲಿ ಬಂದಿತು. 1917ರ ಡಿಸೆಂಬರಿನಲ್ಲಿ ಬ್ರಿಟಿಷ್ ಸರಕಾರವು ಬಾಸೆಲಿನವರನ್ನು ದೇಶದಿಂದ ಹೊರಡಿಸಿತು. ಕಟ್ಟಿದವರು ಹೋದ ಮೇಲೆ ಕಟ್ಟಡವು ನಿಂತೀತೇ? ನೆರವಿಗೆ ಸ್ಕಾಟ್ಲೆಂಡಿನ ಮಿಶನ್ನಿನವರು ಬಂದರು. ಆದರೆ 1918ರ ಮೊದಲ ಮಹಾಸಭೆಯಲ್ಲಿ ಅಧ್ಯಕ್ಷ ಪದವಿಯನ್ನೇರಿದವನು ಪೀಟರ್ ಹಾಲ್. ಕಾರ್ಯದರ್ಶಿಯಾದವನು ನಿಕೊಲಾಸ್ ಕ್ಲರ್ಕ್. ಇಬ್ಬರೂ 1843ರಲ್ಲಿ ಜಮೈಕದಿಂದ ಬಂದ ಕುಟುಂಬಗಳ ಕುಡಿಗಳೇ. ಹಿರಿಯರು ಸಭೆಗೂಡಿ ಆಳುವುದು ಪ್ರೆಸ್ಬಿಟೇರಿಯನ್ ಪದ್ಧತಿಯ ಸಾರ. ಆ ಆಡಳಿತವು ಈಗ ನಾಡವರ ಕೈಸೇರಿತು. 1926ರಲ್ಲಿ ಅದು ಗೋಲ್ಡ್ ಕೋಸ್ಟ್ ಪ್ರೆಸ್ಬಿಟೇರಿಯನ್ ಸಭೆಯೆಂಬ ಹೆಸರನ್ನು ತಳೆಯಿತು. ದೇಶವು ಸ್ವತಂತ್ರವಾದುದು 1957ರಲ್ಲಿ. ಸಭೆಯು ತನ್ನನ್ನು ತಾನೇ ಆಳಿಕೊಳ್ಳಲು ಕಲಿತುದು ಅದಕ್ಕೆ ಮೂವತ್ತೊಂಬತ್ತು ವರ್ಷ ಮುಂಚೆ.

ಪರದೇಶದಿಂದ ಬಂದ ಬೀಜವು ನಾಡಿನ ಮಣ್ಣನ್ನು ಹಿಡಿದರೆ, ಬಿತ್ತಿದವನು ಹೋದರೂ ಬೆಳೆ ನಿಲ್ಲುವುದೆಂಬುದಕ್ಕೆ ಕೋಕೊ ಒಂದು ಸಾಕ್ಷಿ; ಆಕ್ರೊಪಾಂಗಿನ ಸಭೆ ಇನ್ನೊಂದು.